ಪರದೆಯ ಹಿಂಬದಿಯ ರಾಜರು

ಮೊದಲು ಇಂಜಿನ್ನು ಕೆಮ್ಮುತ್ತಿತ್ತು. ಎರಡು ಸಲ, ಮೂರು ಸಲ. ಆಮೇಲೆ ಗಂಟಲು ಸರಿಮಾಡಿಕೊಂಡಂತೆ ಡುಗುಡುಗುಡುಗು ಎಂದು ಒಂದು ಲಯಕ್ಕೆ ಬರುತ್ತಿತ್ತು. ಟೆಂಟ್ ಸಿನಿಮಾದ ಆಯಿಲ್ ಇಂಜಿನ್ ಶುರುವಾಯಿತೆಂದರೆ ಫಸ್ಟ್ ಶೋಗೆ ಇನ್ನು ಅರ್ಧ ಗಂಟೆ ಎಂದು ಶಿಕಾರಿಪುರಕ್ಕೆಲ್ಲ ಗೊತ್ತು. ನನ್ನ ಕಿವಿ ಮಾತ್ರ ಆ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ನಿಲ್ಲುವುದನ್ನು ಕಾಯುತ್ತಿತ್ತು. ನಮ್ಮ ಎದುರುಮನೆಯ ದರ್ಜಿಯವರ ಒಳಕೋಣೆಯಲ್ಲಿ ಬೆಳಗಿನಿಂದ ಕಟಕಟ ಎನ್ನುತ್ತಿದ್ದ ಹೊಲಿಗೆ ಮೆಷಿನ್ ಗಕ್ಕನೆ ಸುಮ್ಮನಾಗುತ್ತಿತ್ತು. ಅಂದರೆ ದರ್ಜಿಯವರ ಮಗಳು ಮೆಷಿನ್ನಿನಿಂದ ಎದ್ದು ಹಿತ್ತಲಿಗೆ ಹೋದಳು ಅಂತ ಅರ್ಥ. ನಾನೂ ಚಪ್ಪಲಿ ಮೆಟ್ಟಿ ಓಡುತ್ತಿದ್ದೆ.

ಈಗ ನನ್ನ ಮೊಮ್ಮಗಳು ಗೋಡೆಯಷ್ಟು ದೊಡ್ಡ ಟೀವಿಯಲ್ಲಿ ಪೀರಿಯಡ್ ಡ್ರಾಮಾಗಳನ್ನು ಹಾಕಿ, 'ಅಜ್ಜಿ, ಹೇಗಿದೆ ಹೇಳು' ಎಂದು ಕೇಳುತ್ತಾಳೆ. ಫ್ರ್ಯಾಂಕ್ಲಿ, ನನಗೆ ಹಿಡಿಸುವುದು ಕಡಿಮೆ. ಆ ರಾಜರ ಅಂಗಿಗಳು ನಿನ್ನೆ ತಾನೇ ಲಾಂಡ್ರಿಯಿಂದ ಬಂದಂತಿರುತ್ತವೆ. ಕಂಕುಳಲ್ಲಿ ಬೆವರಿಲ್ಲ, ಅಂಚಿನಲ್ಲಿ ಧೂಳಿಲ್ಲ, ಎಲ್ಲೂ ಒಂದು ತೇಪೆಯಿಲ್ಲ. ಯುದ್ಧ ಮುಗಿಸಿ ಬಂದವನ ಪೇಟ ಮದುವೆಗೆ ಹೊರಟವನದರ ಹಾಗೆ ಕೂತಿರುತ್ತದೆ. ಕಥೆ ಎಲ್ಲಿಗೋ ಹೋಗುತ್ತಿರುತ್ತದೆ, ನನ್ನ ಕಣ್ಣು ಮಾತ್ರ ಹೋಗಿ ಅವನ ಸೊಂಟದಲ್ಲಿ ನಿಲ್ಲುತ್ತದೆ. ಕತ್ತಿ ಯಾವ ಕಡೆ ತೂಗುತ್ತಿದೆ? ಎಡಕ್ಕಿದ್ದರೆ ಸರಿ. ಆಮೇಲೆಯೇ ನಾನು ಕಥೆಗೆ ಬರುವುದು. ಮೊಮ್ಮಗಳಿಗೆ ಇದು ನನ್ನ ಹುಚ್ಚು. ಈ ಹುಚ್ಚು ಎಲ್ಲಿಂದ ಬಂತೆಂದು ಅವಳಿಗೆ ಇದುವರೆಗೆ ಹೇಳಿಲ್ಲ.

ನಾನಾಗ ಶಿವಮೊಗ್ಗದ ಕಾನ್ವೆಂಟಿನಲ್ಲಿ ಬೋರ್ಡರ್. ಅಪ್ಪ ಶಿಕಾರಿಪುರದಲ್ಲಿ ವಕೀಲರು. ರಜೆ ಬಂದಾಗ ಮಾತ್ರ ನನಗೆ ಊರು. ಹದಿನೈದು ವರ್ಷ. ಇಂಗ್ಲಿಷು ಆಗತಾನೆ ನಾಲಿಗೆಗೆ ಹತ್ತಿತ್ತು, ನನಗೆ ಗೊತ್ತಿಲ್ಲದ ವಿಷಯವೇ ಇಲ್ಲವೆಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೆ. ದರ್ಜಿಯವರ ಮಗಳಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅವಳು ಉರ್ದು ಓದುತ್ತಿದ್ದಳು. ಕನ್ನಡವನ್ನು ನನಗಿಂತ ಚುರುಕಾಗಿ ಮಾತಾಡುತ್ತಿದ್ದಳು, ಆದರೆ ಅದರ ಅಕ್ಷರ ಗೊತ್ತಿರಲಿಲ್ಲ. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ಏ ಕಾನ್ವೆಂಟೂ' ಎನ್ನುತ್ತಿದ್ದಳು, ಅವರ ಹಿತ್ತಲ ಬೇಲಿಯಾಚೆಯಿಂದ.

ಅವಳ ತಂದೆ ಸುತ್ತಿನ ಊರುಗಳಿಗೆಲ್ಲ ನಾಟಕದ ಉಡುಪು ಹೊಲಿಯುವವರು. ಅಂಜನಾಪುರದ ಅಣೆಕಟ್ಟಿನ ನೀರು ಹರಿದು, ಗದ್ದೆ ಕೊಯ್ಲಾಗಿ, ಜನಕ್ಕೆ ಪುರುಸೊತ್ತು ಸಿಕ್ಕ ಮೇಲೆ ಹಳ್ಳಿಹಳ್ಳಿಯಲ್ಲಿ ನಾಟಕ. ದುರ್ಯೋಧನನೋ ದಿವಾನನೋ, ಅಂಗಿ ಇವರ ಕೈಯದೇ. ನಾನು ಹೇಳುವ ಕಾಲಕ್ಕೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಹಾಕುವುದರಿಂದ ಶುರುವಾಗಿ ಒಂದೊಂದೇ ಕೆಲಸ ಪರದೆಯ ಆಚೆಗೆ, ಒಳಕೋಣೆಗೆ ಜಾರಿತ್ತು. ಹೊರಗೆ ಅಂಗಡಿಯಲ್ಲಿ ಗಿರಾಕಿಯೊಡನೆ ಮಾತಾಡುವವರು ತಂದೆ, ಒಳಗೆ ಕೂತು ಹೊಲಿಯುವವಳು ಮಗಳು. ಊರಿಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಯಾರೂ ಮಾತೆತ್ತುತ್ತಿರಲಿಲ್ಲ.

ಸಿನಿಮಾ ಟೆಂಟು ನಿಂತಿದ್ದದ್ದು ಅವರ ಹಿತ್ತಲಿಗೆ ಬೆನ್ನು ಹಾಕಿಕೊಂಡು. ಗಾಳಿಗೆ ತೆರೆ ಹರಿಯಬಾರದೆಂದು ಅದರ ಹಿಂದಿನ ತಾಡಪಾಲನ್ನು ಟೆಂಟಿನವರು ಮೇಲಕ್ಕೆ ಸುತ್ತಿಡುತ್ತಿದ್ದರು. ತೆರೆ ಎಂದರೆ ಬರಿ ಒಂದು ಪದರ ಬಿಳಿ ಬಟ್ಟೆ. ಹೀಗಾಗಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರೆ ಇಡೀ ಸಿನಿಮಾ ಕಾಣುತ್ತಿತ್ತು, ಸ್ವಲ್ಪ ಮಸುಕಾಗಿ, ನಡುವೆ ಲೌಡ್‌ಸ್ಪೀಕರ್ ಪೆಟ್ಟಿಗೆಯ ಕಪ್ಪು ಚೌಕದೊಂದಿಗೆ. ಒಂದೇ ವ್ಯತ್ಯಾಸವೆಂದರೆ ಎಲ್ಲ ಎಡ-ಬಲ ಅದಲುಬದಲು. ಬಲಗೈ ಎಡಗೈಯಾಗುತ್ತಿತ್ತು. ಎಡಕ್ಕೆ ಓಡಿದ ಕುದುರೆ ಬಲಕ್ಕೆ ಓಡುತ್ತಿತ್ತು. ನನಗೆ ಅದು ಮೊದಲ ದಿನವೇ ಗೊತ್ತಾಗಿತ್ತು, ಏಕೆಂದರೆ ಶುರುವಿನಲ್ಲಿ ಬರುವ ಹೆಸರುಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು. ಅವಳಿಗೆ ಆ ಅಕ್ಷರಗಳು ನೇರವಿದ್ದರೂ ಒಂದೇ, ತಿರುಗಿದ್ದರೂ ಒಂದೇ. ಟೆಂಟಿನ ಮುಂಬದಿಯಲ್ಲಿ ಅವಳು ಒಮ್ಮೆಯೂ ಕೂತವಳಲ್ಲ. ಅವರ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಇರಲಿಲ್ಲ. ಬರುತ್ತಿದ್ದದ್ದೂ ಬಹುಪಾಲು ರಾಜರ ಸಿನಿಮಾಗಳೇ. ಅವಳು ಕಂಡ ರಾಜರೆಲ್ಲ ಹಿಂಬದಿಯ ರಾಜರು.

ಒಂದು ಸಂಜೆ ತೆರೆಯ ಮೇಲೆ ಮಹಾರಾಜ ಊಟಕ್ಕೆ ಕೂತ.

'ಏ ಕಾನ್ವೆಂಟೂ, ನೋಡೇ, ಎಡಗೈಲಿ ಉಣ್ತಾನ,' ಎಂದಳು. 'ಅವತ್ತೂ ಒಬ್ಬ ಎಡಗೈಲೇ ಕತ್ತಿ ಹಿಡದಿದ್ದ. ಎಲ್ಲಾ ರಾಜರೂ ಎಡಚರೇನ?'

ನಿಜ ಹೇಳಲು ಒಂದು ನಿಮಿಷ ಸಾಕಿತ್ತು. ಅದರ ಬದಲು ನಾನು, ಹಿಸ್ಟರಿ ಸಿಸ್ಟರ್ ಕುತ್ತಿಗೆ ನೆಟ್ಟಗೆ ಮಾಡುತ್ತಿದ್ದ ಹಾಗೆ ಮಾಡಿ, 'ಆಗಿನ ಕಾಲದ ಕಸ್ಟಮ್ಸ್ ಬೇರೆ ಕಣೇ. ಓಲ್ಡನ್ ಡೇಸ್‌ನಲ್ಲಿ ಎಲ್ಲ ಉಲ್ಟಾ ಇತ್ತು. ನಮ್ಮ ಪುಸ್ತಕದಲ್ಲಿದೆ' ಎಂದೆ.

'ಸೆರಗೂನ?'

'ಸೆರಗೂ.'

'ಹಂಗಾರ ಸರಿ,' ಎಂದು ಅವಳು ಗಲ್ಲಕ್ಕೆ ಕೈಯಿಟ್ಟು ಮತ್ತೆ ತೆರೆಯತ್ತ ತಿರುಗಿದಳು. ನಾನು ಒಳಗೊಳಗೇ ನಕ್ಕೆ. ನನಗೆ ಮಾತ್ರ ಗೊತ್ತಿರುವ ಒಂದು ಜೋಕ್ ಇರುವುದು ಆ ವಯಸ್ಸಿನಲ್ಲಿ ಎಂಥ ಸುಖ.

ಕ್ರಿಸ್‌ಮಸ್ ರಜೆಗೆ ಬಂದಾಗ ದರ್ಜಿಯವರ ಮನೆಯಲ್ಲಿ ಒಂದು ವಿಷಯ ಇತ್ಯರ್ಥಕ್ಕೆ ಬಂದಿತ್ತು. ಹರಿಹರದಲ್ಲಿ ದರ್ಜಿಯವರ ತಮ್ಮನ ಅಂಗಡಿ. ನಿನ್ನ ಕಣ್ಣು ಹೋದ ಮೇಲೆ ಮೆಷಿನ್ ಅಲ್ಲಿ ಯಾಕೆ, ನನಗೆ ಕೊಡು, ಮಗಳನ್ನೂ ನನ್ನ ಮಗನಿಗೆ ಕೊಡು ಎಂದು ಅವನ ಒತ್ತಾಯ. ಅವಳಿಗೆ ಎರಡೂ ಬೇಡ. ತಂದೆಯ ಹತ್ತಿರ ಹಟ ಹಿಡಿದು ಒಂದು ಮಾತು ಪಡೆದಿದ್ದಳು: ಬರುವ ಒಂದು ಆರ್ಡರನ್ನು ಪೂರಾ ಅವಳೊಬ್ಬಳೇ ಮಾಡುವುದು, ಕತ್ತರಿ ಹಾಕುವುದರಿಂದ ಗುಂಡಿ ಕಟ್ಟುವವರೆಗೆ. ಚೆನ್ನಾಗಿ ಬಂದರೆ ಮೆಷಿನ್ ಅವಳದು, ಹರಿಹರದ ಮಾತು ಅಲ್ಲಿಗೇ ಮುಗಿಯಿತು. ಕೆಟ್ಟರೆ ಮೆಷಿನ್ ಬಸ್ಸಿನ ಟಾಪ್ ಹತ್ತುತ್ತದೆ.

ಆ ಆರ್ಡರ್ ತಂದವಳು ನಾನೇ. ಸೊರಬದಲ್ಲಿ ನನ್ನ ಸೋದರಮಾವ ಹೈಸ್ಕೂಲಿನ ಹೆಡ್‌ಮಾಸ್ಟರು. ಸ್ಕೂಲ್ ಡೇಗೆ ಐತಿಹಾಸಿಕ ನಾಟಕ, ರಾಜನ ಪಾರ್ಟು ಸ್ವತಃ ಮಾವನದು. ಅವರ ಕಾಗದದಲ್ಲಿ ಒಂದು ಷರತ್ತಿತ್ತು: ಕಂಪನಿ ನಾಟಕದ ಹಳೇ ಮಾದರಿ ಬೇಡ, ಈಗಿನ ಸಿನಿಮಾದಲ್ಲಿ ಬರುವಂಥ ಉಡುಪು ಆಗಬೇಕು. ಅದನ್ನು ಕೇಳಿ ದರ್ಜಿಯವರು ಕೈ ಎತ್ತಿದರು.

'ಸಿನಿಮಾದ್ದು ನಂಗೇನ್ ಗೊತ್ತೈತ್ರೀ ಅಮ್ಮಾರೆ. ಇದು ಅವಳ ಪರೀಕ್ಷೆ. ನಾನು ಮುಟ್ಟಂಗಿಲ್ಲ, ಕೈಯಾಡಿಸಿ ನೋಡಂಗೂ ಇಲ್ಲ. ಉಟ್ಕಂಡವ್ರು ಏನಂತಾರೋ ಅದೇ ಮಾರ್ಕು.'

ಅವಳಿಗೆ ಸಿನಿಮಾದ್ದು ಗೊತ್ತಿತ್ತು. ಆ ರಜೆಯಲ್ಲಿ ಟೆಂಟಿಗೆ ಬಂದಿದ್ದ ರಾಜರ ಸಿನಿಮಾವನ್ನು ಒಗೆಯುವ ಕಲ್ಲಿನ ಮೇಲೆ ಕೂತು ಆರು ಸಂಜೆ ನೋಡಿದಳು. ಸೀಮೆಸುಣ್ಣದಿಂದ ತೊಡೆಯ ಮೇಲೆ ಗೆರೆ ಎಳೆದುಕೊಳ್ಳುತ್ತಿದ್ದಳು, ಒಳಗೆ ಓಡಿ ಅದನ್ನೇ ಬಟ್ಟೆಯ ಮೇಲೆ ಎಳೆಯುತ್ತಿದ್ದಳು. ಎದೆಯ ಮಡಿಕೆ ಯಾವ ಕಡೆಯಿಂದ ಯಾವ ಕಡೆಗೆ, ಶಲ್ಯ ಯಾವ ಹೆಗಲಿಗೆ, ಕತ್ತಿಯ ಪಟ್ಟಿ ಯಾವ ಸೊಂಟಕ್ಕೆ. ಆ ಹೊಲಿಗೆ ಎಂಥದೆಂದು ಹೇಗೆ ಹೇಳಲಿ? ಕಾಲರಿನಲ್ಲಿ ಅವಳು ಹಾಕಿದ್ದ ಜರಿಯ ಬಳ್ಳಿಯ ಎಲೆ ಎಲೆಗೂ ಬೇರೆ ಬೇರೆ ಓರೆ ಇತ್ತು. ಇಂದಿನ ಕೋಟಿಗಟ್ಟಲೆ ಬಜೆಟ್ಟಿನ ಪೀರಿಯಡ್ ಪಿಕ್ಚರುಗಳಲ್ಲಿ ನಾನು ಅಂಥ ಕಾಲರ್ ನೋಡಿಲ್ಲ. ಅದಕ್ಕೇ ಆ ದಿನಗಳಲ್ಲಿ ನನಗೆ ಬೇರೇನೂ ಕಾಣಿಸಲಿಲ್ಲವೋ ಏನೋ. ಬಟ್ಟೆ ನೆಲದ ಮೇಲೆ ಹಾಸಿತ್ತು. ಮೈಮೇಲೆ ಬರುವವರೆಗೆ ಅಂಗಿಗೆ ಎಡ-ಬಲ ಇರುವುದಿಲ್ಲ.

ಉಡುಪು ತುಂಬಿದ ಟ್ರಂಕು ತೆಗೆದುಕೊಂಡು ಅಪ್ಪನ ಗುಮಾಸ್ತರ ಜೊತೆ ನಾನು ಸೊರಬದ ಬಸ್ ಹತ್ತಿದೆ. ಬಸ್ಸಿನಲ್ಲಿ ಕ್ಯಾಸನೂರಿನ ಕಡೆಯ ಮಂಗನ ಕಾಯಿಲೆಯದೇ ಮಾತು. ಪಕ್ಕದ ಹೆಂಗಸು ಟ್ರಂಕನ್ನು ಅನುಮಾನದಿಂದ ನೋಡಿ, 'ಎಂತದೇ ಅದ್ರಾಗೆ? ಕಾಡಿಂದ ತಂದದ್ದಲ್ಲ ತಾನೆ?' ಎಂದು ಕಾಲು ಎಳೆದುಕೊಂಡಳು. 'ರಾಜರ ಬಟ್ಟೆ' ಎಂದೆ. 'ಹಂಗಾದ್ರೆ ಅಡ್ಡಿಲ್ಲ, ರಾಜರಿಗೆ ಮಂಗನ ಕಾಯ್ಲೆ ಬರದಿಲ್ಲ' ಎಂದು ಮತ್ತೆ ಹತ್ತಿರ ಸರಿದಳು.

ಬಸ್ಸು ತಡವಾಗಿತ್ತು. ಸ್ಕೂಲಿಗೆ ತಲುಪಿದಾಗ ಮುಖಕ್ಕೆ ಬಣ್ಣ ಹಚ್ಚಿ ಆಗಿತ್ತು. ಟ್ರಂಕು ಬಿಚ್ಚಿದರು, ತೊಟ್ಟರು. ಮಾವ ನಡುಮನೆಯ ಕನ್ನಡಿಯಂತೆ ಹೊಳೆಯುತ್ತ ನನ್ನ ಮುಂದೆ ನಿಂತರು. ಮಡಿಕೆ ತಿರುಗಿತ್ತು, ಶಲ್ಯ ತಿರುಗಿತ್ತು. ಕತ್ತಿಯ ಪಟ್ಟಿಯನ್ನು ಅಲುಗಾಡದಂತೆ ಬಲ ಸೊಂಟಕ್ಕೆ ಸೇರಿಸಿ ಹೊಲಿದಿತ್ತು. ರಾಣಿಯ ಪಾರ್ಟಿನ ಹುಡುಗನಿಗೆ ಸುಲಭವಾಗಲೆಂದು ನೆರಿಗೆ ಸಮೇತ ಹೊಲಿದಿದ್ದ ಸೀರೆಯ ಸೆರಗು ಬಲ ಹೆಗಲ ಮೇಲೆ ಕೂತಿತ್ತು.

'ಎಂತದೇ ಇದು, ಕತ್ತಿ ಈ ಬದಿಗಾ?' ಎಂದರು ಮಾವ. 'ಸಿನಿಮಾದಾಗೆ ಹಿಂಗೇ ಇರ್ತದಾ?'

'ಇರುತ್ತೆ ಮಾವ. ಲೇಟೆಸ್ಟ್ ಪಿಕ್ಚರ್‌ನಲ್ಲಿ ಹೀಗೇ.'

ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಎಷ್ಟು ಬೇಗ ಬಾಯಿಗೆ ಬರುತ್ತದೆಂದು ಅವತ್ತು ತಿಳಿಯಿತು. ಬಾಯಿಗೆ ಬಂದದ್ದಕ್ಕೆ ಕಾರಣವೂ ಇತ್ತು. ತಪ್ಪಾಗಿದೆ ಎಂದರೆ ಯಾರಿಂದ ಎಂಬ ಪ್ರಶ್ನೆ ಬರುತ್ತಿತ್ತಲ್ಲ.

ರಾಣಿ ಬಂದ ತಕ್ಷಣ ಹೆಂಗಸರ ಕಡೆ ಸಣ್ಣಗೆ ಗುಸುಗುಸು. 'ಸೆರಗು ಯಾವ ಸೀಮೆದೇ?' ಎಂದು ಒಬ್ಬಳು ಅಂದಳು, ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಆದರೂ ನಾಟಕ ನಡೆಯಿತು. ಎರಡನೆಯ ಅಂಕದಲ್ಲಿ ರಾಜ ಸಿಟ್ಟಿಗೇಳಬೇಕು, ಕತ್ತಿ ಹಿರಿಯಬೇಕು. ಮಾವ ಸಿಟ್ಟಿಗೆದ್ದರು. ಬಲಗೈ ಅಭ್ಯಾಸದಂತೆ ಎಡ ಸೊಂಟಕ್ಕೆ ಹೋಯಿತು, ಅಲ್ಲೇನೂ ಇಲ್ಲ. ಬಲ ಸೊಂಟಕ್ಕೆ ಬಂತು. ಬಲಗೈಯಿಂದ ಬಲ ಸೊಂಟದ ಉದ್ದ ಕತ್ತಿ ಎಳೆಯಲು ಮೊಣಕೈ ಕಿವಿಯವರೆಗೆ ಹೋದರೂ ಬರದು. ಕತ್ತಿಯ ಹಿಂದೆ ತಾವೇ ಒಂದು ಸುತ್ತು ತಿರುಗಿದರು. ಹಿಂದಿನ ಸಾಲಿನಿಂದ ಯಾರೋ ಗಂಭೀರವಾಗಿಯೇ ಹೇಳಿದರು: 'ತಡೀರಿ ಮಹಾಪ್ರಭು, ಕೀಲೆಣ್ಣೆ ತರ್ತೀವಿ.' ಆಮೇಲೆ ಆ ನಾಟಕದಲ್ಲಿ ಯಾರು ಸತ್ತರೂ ಜನ ನಗುತ್ತಿದ್ದರು.

ಮರುದಿನ ಮಾವ ದರ್ಜಿಯವರಿಗೆ ಒಂದು ಕಾಗದ ಬರೆದು, ಟ್ರಂಕಿನ ಜೊತೆ ನನ್ನ ಕೈಗೇ ಕೊಟ್ಟರು.

ದರ್ಜಿಯವರಿಗೆ ಅದನ್ನು ನಾನೇ ಓದಿ ಹೇಳಬೇಕಾಯಿತು. ಅಂಗಡಿಯ ಹಲಗೆಯ ಮೇಲೆ ಕೂತೆ. ಒಳಕೋಣೆಯ ಪರದೆ ಅಲುಗಲಿಲ್ಲ, ಅದರ ಕೆಳಗೆ ಅವಳ ಪಾದಗಳು ಕಾಣುತ್ತಿದ್ದವು. ಹೊಲಿಗೆ ನಯವಾಗಿದೆ, ಆದರೆ ಉಡುಪುಗಳೆಲ್ಲ ಎಡ-ಬಲ ತಿರುಗಿ ತಯಾರಾಗಿದ್ದರಿಂದ ಶಾಲೆ ನಗೆಪಾಟಲಾಯಿತು, ಇಂಥ ಕೆಲಸವನ್ನು ತಮ್ಮಂಥ ಹಳಬರಿಂದ ನಿರೀಕ್ಷಿಸಿರಲಿಲ್ಲ ಎಂದಿತ್ತು. ಒಂದಕ್ಷರ ಬಿಡದೆ ಓದಿದೆ.

ದರ್ಜಿಯವರು ಪರದೆಯ ಕಡೆಗೆ ಮುಖ ಮಾಡಿ ಕೇಳಿದರು.

'ಬೇಟಿ, ಹಿಂಗಿರತೈತಿ ಅಂತ ನಿಂಗ್ಯಾರು ಹೇಳಿದ್ರು?'

ಈಗ ಹೇಳುತ್ತಾಳೆ ಅಂದುಕೊಂಡೆ. ಕಾಗದದ ಮಡಿಕೆಯನ್ನು ಉಗುರಿನಿಂದ ತೀಡುತ್ತ ಕಾದೆ.

'ಯಾರೂ ಇಲ್ಲ ಅಬ್ಬಾ. ನಾನೇ ನೋಡಿ ಹೊಲಿದಿದ್ದು.'

ಬಾಯಿ ತೆರೆಯಬೇಕಾದವಳು ನಾನು. ಕಾಗದ ಮಡಿಸಿ ಅವರ ಕೈಗಿಟ್ಟು, ಬರ್ತೀನಿ ಎಂದು ಎದ್ದೆ.

ಕಾನ್ವೆಂಟಿಗೆ ಮರಳಿದ ಮೇಲೆ, ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ಕನ್‌ಫೆಷನ್ನಿಗೆ ಸಾಲು ನಿಲ್ಲುವುದನ್ನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಎರಡು ನಿಮಿಷ ಮಂಡಿಯೂರಿ, ಪಾದ್ರಿಗೆ ತಪ್ಪು ಹೇಳಿ, ಹಗುರಾಗಿ ಹೊರಬಂದು ಕುಂಟೆಬಿಲ್ಲೆ ಆಡುತ್ತಿದ್ದರು. ನನಗೆ ಆ ಸೌಲಭ್ಯವಿರಲಿಲ್ಲ.

ಬೇಸಿಗೆ ರಜೆಗೆ ಬಂದೆ. ಆವತ್ತು ಸಂಜೆ ಇಂಜಿನ್ನು ಕೆಮ್ಮಿತು, ಡುಗುಡುಗು ಎಂದಿತು. ಅದರ ಅಡಿಯಲ್ಲಿ ನಿಲ್ಲಲು ಏನೂ ಇರಲಿಲ್ಲ. ಮೆಷಿನ್ ಹರಿಹರಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಮದುವೆಯ ಮಾತೂ ಮುಗಿದಿತ್ತು, ಮುಂದಿನ ವಾರ ಹರಿಹರದಲ್ಲೇ ನಿಕಾಹ್.

ಅವಳು ಹೋಗುವ ಮುನ್ನ ತಂದೆಯ ಹತ್ತಿರ ಕೇಳಿಕೊಂಡದ್ದು ಒಂದೇ: ಟೆಂಟಿನ ಮುಂಬದಿಯಲ್ಲಿ ಕೂತು ಒಂದು ರಾಜರ ಸಿನಿಮಾ ನೋಡಬೇಕು. 'ವಕೀಲರ ಮನೆಯವರ ಜೊತಿ ಅಂದ್ರ ಹೋಗ್ಲಿ' ಎಂದರಂತೆ ಅವರು. ಹೊರಡುವ ಹಿಂದಿನ ದಿನ ಫಸ್ಟ್ ಶೋಗೆ ಅಮ್ಮ, ನಾನು, ಬುರ್ಖಾದಲ್ಲಿ ಅವಳು, ಹೆಂಗಸರ ಕಡೆಯ ಕುರ್ಚಿಗಳಲ್ಲಿ ಕೂತೆವು. ಹೊರಗಿನ ಬೋರ್ಡಿನಲ್ಲಿ ಕಿರೀಟದ ರಾಜನಿದ್ದ. ದೀಪ ಆರಿದ ಮೇಲೆ ಅವಳು ಮುಖದ ಬಟ್ಟೆ ಎತ್ತಿ ಹಿಂದಕ್ಕೆ ಹಾಕಿಕೊಂಡಳು.

ತೆರೆಯ ಮೇಲೆ ರಾಜ ಬರಲಿಲ್ಲ. ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುವ ಫಿಲ್ಮಿನ ಡಬ್ಬಿ ಬದಲಾಗಿತ್ತು. ಯಾವುದೋ ಭಾಷೆ, ಉತ್ತರದ ಕಡೆಯದೆಂದು ಮಾತ್ರ ಗೊತ್ತಾಯಿತು. ಹಾಡಿಲ್ಲ, ಕುದುರೆಯಿಲ್ಲ. ನದಿಯ ದಡದ ಒಂದು ಮನೆ, ಒಬ್ಬ ಮುದುಕಿ. ಅವಳು ಕೌದಿ ಹೊಲಿಯುತ್ತ ಕೂತಿದ್ದಾಳೆ. ಹೊಲಿಯುತ್ತಲೇ ಇದ್ದಾಳೆ. ಕ್ಯಾಮೆರಾ ಅವಳನ್ನು ಬಿಟ್ಟು ಕದಲುವುದಿಲ್ಲ. ನೆಲದ ಮೇಲೆ ಕೂತವರು ಸಿಳ್ಳೆ ಹಾಕಿದರು. 'ಏನ್ರೀ ಮ್ಯಾನೇಜರ್ರೇ, ಅಜ್ಜಿ ಕೌದಿ ಮುಗಿಸೋದ್ರೊಳಗ ನಮ್ಮ ಬತ್ತ ಕೊಯ್ಲಿಗೆ ಬರತೈತಿ' ಎಂದರು. ಮ್ಯಾನೇಜರು ಕೈಮುಗಿದು, ನಾಳೆ ಇದೇ ಚೀಟಿಗೆ ರಾಜರನ್ನು ತೋರಿಸುತ್ತೇವೆ ಎಂದರು. ಮುಕ್ಕಾಲು ಟೆಂಟು ಖಾಲಿಯಾಯಿತು. ಅಮ್ಮ ಕುರ್ಚಿಯಲ್ಲೇ ತೂಕಡಿಸಿದರು.

ನಾಳೆ ಅವಳಿಗೆ ಇರಲಿಲ್ಲ. ಆದರೂ ಅವಳು ಗೊಣಗಲಿಲ್ಲ, ಮುಂದಕ್ಕೆ ಬಾಗಿ ಕೂತು ಮುದುಕಿಯ ಕೈಯನ್ನೇ ನೋಡುತ್ತಿದ್ದಳು.

ಆರ್ಟ್ ಫಿಲ್ಮ್ ಅಂದರೆ ಬೋರ್ ಎನ್ನುವವರ ಜೊತೆ ಆಮೇಲೆ ಎಷ್ಟು ವರ್ಷ ಜಗಳವಾಡಿದ್ದೇನೆ. ಫಿಲ್ಮ್ ಸೊಸೈಟಿಯಲ್ಲಿ, ಮನೆಯ ಊಟದ ಮೇಜಿನಲ್ಲಿ, ಈಗ ಮೊಮ್ಮಗಳ ಜೊತೆ. ಸುಮ್ಮಸುಮ್ಮನೆ ಮೋಡ ತೋರಿಸುವವರು, ಬಾಗಿಲ ಮುಂದೆ ಕ್ಯಾಮೆರಾ ಇಟ್ಟು ಮರೆತವರು ಬೇಕಾದಷ್ಟು ಜನ ಇದ್ದಾರೆ, ಅವರನ್ನು ನಾನೂ ಸಹಿಸುವುದಿಲ್ಲ. ಆದರೆ ಕೆಲಸ ಮಾಡುವ ಕೈಯನ್ನು ಪೂರ್ತಿ ಕೆಲಸ ಮುಗಿಯುವವರೆಗೆ ತೋರಿಸುವ ತಾಳ್ಮೆ ಇದೆಯಲ್ಲ, ಅದು ಯಾವ ರಾಜರ ಸಿನಿಮಾದಲ್ಲೂ ಇಲ್ಲ. ರಾಜ ಅಂಗಿ ತೊಡುತ್ತಾನೆ, ಹೊಲಿದವರು ಫ್ರೇಮಿನಲ್ಲಿ ಇರುವುದಿಲ್ಲ. ಇದು ನನ್ನ ಒಪಿನಿಯನ್, ಮತ್ತು ಇದು ಹುಟ್ಟಿದ್ದು ಆ ಸಂಜೆ, ಆ ಕುರ್ಚಿಯಲ್ಲಿ.

'ಬಲಗೈಲಿ ಹೊಲಿತಾಳ,' ಎಂದಳು ಅವಳು ಪಕ್ಕದ ಕುರ್ಚಿಯಿಂದ, ಬಹಳ ಮೆಲ್ಲಗೆ.

'ನನಗೆ ಮೊದಲಿಂದ ಗೊತ್ತಿತ್ತು ಕಣೇ,' ಎಂದೆ. 'ಹಿಂದಿನಿಂದ ನೋಡಿದರೆ ಎಲ್ಲ ತಿರುಗುತ್ತೆ ಅಂತ. ಸುಳ್ಳು ಹೇಳಿದೆ. ಅವತ್ತು ನಿಮ್ಮ ಅಬ್ಬನ ಮುಂದೆಯೂ ಹೇಳಲಿಲ್ಲ. ಈಗ ಹೋಗಿ ಹೇಳ್ತೀನಿ.'

'ಗೊತ್ತು ಬಿಡೇ. ಕಾಗದ ಓದುವಾಗ ನಿನ್ನ ದನಿ ಕೇಳಿದ ಕೂಡ್ಲೇ ತಿಳೀತು.' ಕಣ್ಣು ತೆರೆಯ ಮೇಲೇ ಇತ್ತು. 'ಈಗ ಹೇಳಿದ್ರ ಮೆಷಿನ್ ನಡಕೊಂಡು ವಾಪಸ್ ಬರತೈತೇನ? ಸುಮ್ನ ನೋಡು.'

ಸುಮ್ಮನೆ ನೋಡಿದೆ. ಮುದುಕಿ ದಾರವನ್ನು ಹಲ್ಲಿನಿಂದ ಕಡಿದಳು. ಪಕ್ಕದಲ್ಲಿ ಇವಳ ಹೆಬ್ಬೆರಳೂ ತೋರುಬೆರಳೂ ಬುರ್ಖಾದ ಅಂಚನ್ನು ಹಿಡಿದು ಅದೇ ಅಳತೆಯಲ್ಲಿ ಮಡಿಸುತ್ತಿದ್ದವು, ಬಿಡುತ್ತಿದ್ದವು.

ಇಂಟರ್ವಲ್ಲಿಗೆ ದೀಪ ಹತ್ತಿತು. ಟೆಂಟಿನಲ್ಲಿ ಹತ್ತು ಜನವೂ ಇರಲಿಲ್ಲ. ಅವಳು ಮುಖದ ಬಟ್ಟೆ ಇಳಿಸಿಕೊಂಡು ಎದ್ದಳು.

'ಇಲ್ಲಿ ಕುತ್ಗಿ ನೋಯ್ತದ. ಉಳಿದದ್ದು ನಮ್ಮ ಕಡೆಯಿಂದ ನೋಡ್ತೀನಿ,' ಎಂದಳು. 'ಬರ್ತೀಯೇನೇ, ಕಾನ್ವೆಂಟೂ?'

ಅಮ್ಮ ನಿದ್ದೆ ಮಾಡುತ್ತಿದ್ದರು. ಎಬ್ಬಿಸಿ ಹೇಳಿ ಹೋಗಬಹುದಿತ್ತು. ಮುದುಕಿಯ ಕೌದಿ ಯಾರಿಗೆಂದು ನೋಡುವ ಆಸೆ ಎಂದು ನೆವ ಹೇಳಿಕೊಂಡೆ. ನಿಜವೆಂದರೆ ಆ ಒಗೆಯುವ ಕಲ್ಲಿನ ಮೇಲೆ ಅವಳ ಪಕ್ಕ ಮತ್ತೆ ಕೂರುವ ಮುಖ ನನಗಿರಲಿಲ್ಲ. 'ನೀನು ಹೋಗಿರು, ಬಂದೆ' ಎಂದೆ.

ಅವಳು ತೆರೆಯ ಪಕ್ಕಕ್ಕೆ ಹೋಗಿ, ಟೆಂಟಿನ ಬಟ್ಟೆಯನ್ನು ಎತ್ತಿದಳು. ಎತ್ತಿದವಳು ಅಲ್ಲೇ ಒಂದು ಗಳಿಗೆ ನಿಂತು, ಆ ಅಂಚಿನ ಹೊಲಿಗೆ ಬಿಚ್ಚಿಕೊಂಡಿದ್ದ ಕಡೆ ಬೆರಳಾಡಿಸಿ ನೋಡಿದಳು. ಆಮೇಲೆ ಬಗ್ಗಿ ಆಚೆಗೆ ದಾಟಿದಳು. ದೀಪ ಆರಿ, ಮುದುಕಿ ಮತ್ತೆ ಬಂದಳು. ನನಗೆ ಬಲಗೈಯಲ್ಲಿ, ಆ ಬದಿಯಲ್ಲಿ ಕೂತವಳಿಗೆ ಎಡಗೈಯಲ್ಲಿ, ಹೊಲಿಯುತ್ತಿದ್ದಳು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹರಿಹರದ ಬಸ್ಸು ಹೋಗಿತ್ತು.